ಎಂದಾದರೊಂದು ದಿನ ಹೊಲಿಯಬೇಕೆಂದಿರುವ ಕೌದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಕೌದಿ ಎಂದರೆ ಮೇಲುಬಟ್ಟೆ, ನಡುವೆ ಮೆತ್ತಗೆ ತುಂಬುವ ಬ್ಯಾಟಿಂಗ್ ಎಂಬ ಪದರ ಮತ್ತು ಅಡಿಬಟ್ಟೆ, ಈ ಮೂರನ್ನೂ ಹೊಲಿಗೆ ಹಾಯಿಸಿ ಒಂದು ಮಾಡಿದ ಹೊದಿಕೆ. ಕ್ವಿಲ್ಟ್ ಎಂದು ಕರೆದರೂ ಅದೇ. ನಾಲ್ಕಾರು ಕೌದಿಗಳನ್ನು ಮುಗಿಸಿ, ಇನ್ನೊಂದನ್ನು ಮಾತ್ರ ವರ್ಷಗಟ್ಟಲೆ ಮನಸ್ಸಿನಲ್ಲೇ ಮಡಿಸಿಟ್ಟುಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಲ್ಲಿ ಲೆಕ್ಕ ಹೆಚ್ಚು, ಹುರಿದುಂಬಿಸುವ ಮಾತು ಕಡಿಮೆ. ಇಂಥ ಕೌದಿಗಳ ಆಸೆ ಯಾರಲ್ಲೂ ಕಡಿಮೆ ಇರುವುದಿಲ್ಲ. ಅಳತೆ ಹಾಕಿ ನೋಡಿದವರು ಮಾತ್ರ ಕಡಿಮೆ ಎಂಬುದು ನನ್ನ ಅನುಭವ.

ಕನಸಿನ ಕೌದಿಗೂ ಮುಂದೆ ಹೊಲಿಯಲಿರುವ ಕೌದಿಗೂ ವ್ಯತ್ಯಾಸವೇನು?

ಮುಂದಿನ ಕೌದಿಗೆ ಬೇಕಾದದ್ದೆಲ್ಲ ನಿಮ್ಮ ಬಳಿ ಇದೆ, ಕೂತು ಹೊಲಿಯುವುದಷ್ಟೇ ಬಾಕಿ. ಕನಸಿನ ಕೌದಿಗೆ ಏನೋ ಒಂದು ಕೊರತೆ ಇರುತ್ತದೆ: ಅದಕ್ಕೆ ಬೇಕಾದ ಕೌಶಲ ಇನ್ನೂ ಕೈಗೆ ಬಂದಿಲ್ಲ, ಇಲ್ಲವೇ ಬಟ್ಟೆ ಕೂಡಿಲ್ಲ, ಹರಡಿಕೊಳ್ಳಲು ಜಾಗವಿಲ್ಲ, ಅಥವಾ ಮೊದಲ ಕತ್ತರಿ ಇಡಲು ಧೈರ್ಯ ಸಾಲದು. ಸಮಯವಿಲ್ಲ ಎಂಬುದೇ ಎಲ್ಲರೂ ಕೊಡುವ ಮೊದಲ ಕಾರಣವಾದರೂ, ವಿಚಾರಿಸುತ್ತ ಹೋದರೆ ಅದರ ಹಿಂದೆ ಬೇರೊಂದು ಕೊರತೆ ಅಡಗಿರುವುದೇ ಹೆಚ್ಚು. ಯಾವ ಕೊರತೆ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಬರೆಯಲು ಆಗದಿದ್ದರೆ, ಆ ಕೌದಿ ನಿಮಗೆ ನಿಜವಾಗಿ ಬೇಕೋ ಅಥವಾ ನೋಡಿ ಮೆಚ್ಚಿದ್ದಷ್ಟೇ ಸಾಕೋ ಎಂದು ಮತ್ತೊಮ್ಮೆ ಕೇಳಿಕೊಳ್ಳಬೇಕಾಗುತ್ತದೆ.

ಹೆಚ್ಚಿನವರ ಪಟ್ಟಿಯಲ್ಲಿ ಯಾವ ಕೌದಿಗಳಿರುತ್ತವೆ?

ಆಶ್ಚರ್ಯವೆಂಬಂತೆ ಈ ಪಟ್ಟಿ ಬಹಳ ಬದಲಾಗುವುದಿಲ್ಲ. ಆರು ಮೂಲೆಯ ಚೂರುಗಳನ್ನು ಕಾಗದದ ಮೇಲೆ ಮಡಿಸಿ ಕೈಯಿಂದಲೇ ಜೋಡಿಸುವ ಷಟ್ಕೋನದ ಕೌದಿ, ಹಾಸಿಗೆಯಗಲದ ಒಂದೇ ಒಂದು ಎಂಟು ಮೊನೆಯ ನಕ್ಷತ್ರ, ಒಂದರೊಳಗೊಂದು ಹೆಣೆದ ಉಂಗುರಗಳ ಡಬಲ್ ವೆಡ್ಡಿಂಗ್ ರಿಂಗ್, ಸೂಜಿಯಷ್ಟು ಚೂಪಾದ ಮೊನೆಗಳ ಮ್ಯಾರಿನರ್ಸ್ ಕಂಪಾಸ್, ಇವು ತುಂಡು ಜೋಡಣೆಯ ಕಡೆಯ ಆಸೆಗಳು.

ಅಪ್ಲಿಕ್, ಅಂದರೆ ಬಟ್ಟೆಯ ಆಕೃತಿಗಳನ್ನು ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿಯುವ ಕೆಲಸ, ಇಷ್ಟಪಡುವವರು ಬಾಲ್ಟಿಮೋರ್ ಆಲ್ಬಮ್ ಎಂಬ ಶೈಲಿಯನ್ನು ಬಿಟ್ಟು ಬೇರೆ ಹೆಸರು ಹೇಳುವುದು ಅಪರೂಪ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1840 ಮತ್ತು 1850ರ ದಶಕಗಳಲ್ಲಿ ಅರಳಿದ ಈ ಶೈಲಿಯಲ್ಲಿ ಪ್ರತಿ ಬ್ಲಾಕಿನಲ್ಲೂ, ಅಂದರೆ ಕೌದಿಯ ಒಂದೊಂದು ಚೌಕದಲ್ಲೂ, ಬೇರೆಯದೇ ಹೂಮಾಲೆ, ಬುಟ್ಟಿ, ಹಕ್ಕಿ ಅಥವಾ ಕಟ್ಟಡದ ಚಿತ್ರವಿರುತ್ತದೆ. ಒಂದು ಗುಲಾಬಿಯಲ್ಲೇ ಹತ್ತಾರು ಎಸಳುಗಳನ್ನು ಸೂಜಿಯ ತುದಿಯಿಂದ ಅಂಚು ಮಡಿಸುತ್ತ ಕೂರಿಸಬೇಕಾಗುತ್ತದೆ.

ಮೂರನೆಯ ಗುಂಪಿನವರಿಗೆ ಬಣ್ಣದ ಚೂರುಗಳೇ ಬೇಡ. ಒಂದೇ ಬಣ್ಣದ ಇಡೀ ಬಟ್ಟೆಯ ಮೇಲೆ ಹೊಲಿಗೆಯಿಂದಲೇ ಚಿತ್ರ ಮೂಡಿಸುವ ಹೋಲ್‌ಕ್ಲಾತ್ ಕೌದಿ ಅವರ ಕನಸು. ಇದು ಬಹಳ ಹಳೆಯ ವಿದ್ಯೆ. 14ನೇ ಶತಮಾನದ ಉತ್ತರಾರ್ಧದಲ್ಲಿ ಸಿಸಿಲಿಯಲ್ಲಿ ಲಿನನ್ ಬಟ್ಟೆಯ ಮೇಲೆ ಟ್ರಿಸ್ಟನ್ ಎಂಬ ವೀರನ ಹಳೆಯ ಯುರೋಪಿಯನ್ ಕಥೆಯನ್ನು ಉಬ್ಬುಚಿತ್ರಗಳಾಗಿ ಹೊಲಿದ ಕೌದಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದರಲ್ಲಿ ಚಿತ್ರದ ಒಳಭಾಗಕ್ಕೆ ಮಾತ್ರ ಹತ್ತಿ ತುಂಬಿ ಉಬ್ಬಿಸಲಾಗಿದ್ದು, ಬಣ್ಣದ ಚೂರುಗಳಿಲ್ಲದೆಯೇ ಸೈನಿಕರೂ ಹಡಗುಗಳೂ ಎದ್ದು ಕಾಣುತ್ತವೆ.

ಇವಲ್ಲದೆ ಮಾದರಿಯ ಹೆಸರೇ ಇಲ್ಲದ ಕನಸುಗಳೂ ಇವೆ: ಮನೆಯವರ ಹಳೆಯ ಬಟ್ಟೆಗಳ ಕೌದಿ, ಹುಟ್ಟಲಿರುವ ಮೊಮ್ಮಗುವಿನ ಕೌದಿ, ಅಂಚಿನಿಂದ ಶುರುಮಾಡಿ ಒಳಮುಖವಾಗಿ ಹೊಲಿಯುತ್ತ ನಡುವಿನಲ್ಲಿ ಮುಗಿಸುವ, ನಕಾಶೆಯೇ ಇಲ್ಲದ ಚೂರುಬಟ್ಟೆಯ ಕೌದಿ. ನನ್ನ ಮಟ್ಟಿಗೆ ಇವೇ ಹೆಚ್ಚು ಬಾರಿ ಮುಗಿಯುವಂಥವು. ಯಾರಿಗಾಗಿ ಎಂಬುದು ಮೊದಲೇ ಗೊತ್ತಿದ್ದರೆ ಸೂಜಿ ಬೇಗ ಕೈಗೆ ಬರುತ್ತದೆ.

ಷಟ್ಕೋನದ ಕೌದಿ ಮುಗಿಯಲು ನಿಜವಾಗಿ ಎಷ್ಟು ಕಾಲ ಬೇಕು?

ಇದಕ್ಕೆ ಜನ ‘ಹತ್ತು ವರ್ಷ’, ‘ಇಡೀ ಆಯುಷ್ಯ’ ಎಂದೆಲ್ಲ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅಷ್ಟೇನೂ ಭಯವಾಗುವುದಿಲ್ಲ. ಪ್ರತಿ ಬದಿ 1 ಇಂಚಿರುವ ಷಟ್ಕೋನದ ವಿಸ್ತೀರ್ಣ ಸುಮಾರು 2.6 ಚದರ ಇಂಚು. 60 ಇಂಚು ಅಗಲ, 80 ಇಂಚು ಉದ್ದದ ಹೊದಿಕೆಗೆ 4,800 ಚದರ ಇಂಚು ತುಂಬಬೇಕು, ಅಂದರೆ ಸುಮಾರು 1,850 ಚೂರುಗಳು. ಬದಿಯನ್ನು ಅರ್ಧ ಇಂಚಿಗೆ ಇಳಿಸಿದರೆ ಸಂಖ್ಯೆ ನಾಲ್ಕು ಪಟ್ಟಾಗಿ 7,400ರ ಆಸುಪಾಸಿಗೆ ಹೋಗುತ್ತದೆ; 2 ಇಂಚಿಗೆ ಏರಿಸಿದರೆ 460ರಷ್ಟಕ್ಕೆ ಬಂದು ನಿಲ್ಲುತ್ತದೆ. ಕನಸು ಅದೇ, ಚೂರಿನ ಅಳತೆ ಮಾತ್ರ ಬೇರೆ.

ಈಗ ಒಂದು ಚೂರಿಗೆ ಬೇಕಾದ ಸಮಯವನ್ನು ಗಡಿಯಾರ ಇಟ್ಟುಕೊಂಡೇ ಅಳೆಯಬೇಕು. ಕಾಗದದ ಅಚ್ಚಿನ ಮೇಲೆ ಬಟ್ಟೆಯನ್ನಿಟ್ಟು, ಆರೂ ಅಂಚುಗಳನ್ನು ಹಿಂದಕ್ಕೆ ಮಡಿಸಿ ಕಚ್ಚಾ ಹೊಲಿಗೆ ಹಾಕಲು ನನಗೆ ಎರಡು ಮೂರು ನಿಮಿಷ ಬೇಕು. ನಂತರ ಎರಡು ಚೂರುಗಳನ್ನು ಮುಖಾಮುಖಿ ಹಿಡಿದು, ಅಂಚಿನ ಮಡಿಕೆಯ ಎರಡೋ ಮೂರೋ ಎಳೆಯನ್ನಷ್ಟೇ ಕಚ್ಚುವಂತೆ, ಕಾಗದಕ್ಕೆ ಸೂಜಿ ತಾಗಿದ ಸಣ್ಣ ಗರಕು ಸದ್ದು ಬಂದರೆ ತುಸು ಮೇಲಕ್ಕೆ ಸರಿಸಿ, ಮೂಲೆಯಿಂದ ಮೂಲೆಗೆ ಸುತ್ತುಹೊಲಿಗೆ ಹಾಕುತ್ತ ಹೋಗಬೇಕು. ಒಂದು ಬದಿಗೆ ಮೂರು ನಿಮಿಷ. ಪ್ರತಿಯೊಂದು ಬದಿಯನ್ನೂ ಎರಡು ಚೂರುಗಳು ಹಂಚಿಕೊಳ್ಳುವುದರಿಂದ ಒಂದು ಚೂರಿನ ಪಾಲಿಗೆ ಬರುವುದು ಮೂರೇ ಬದಿ. ಒಟ್ಟು ಹನ್ನೆರಡು ನಿಮಿಷ ಎಂದು ಹಿಡಿದರೆ 1,850 ಚೂರುಗಳಿಗೆ 370 ಗಂಟೆ. ದಿನಕ್ಕೆ ಅರ್ಧ ಗಂಟೆಯಂತೆ 740 ದಿನ, ಅಂದರೆ ಎರಡು ವರ್ಷಕ್ಕಿಂತ ಹತ್ತು ದಿನ ಹೆಚ್ಚು. ಇದರಲ್ಲಿ ಬ್ಯಾಟಿಂಗ್ ಸೇರಿಸಿ ಹೊಲಿಗೆ ಹಾಯಿಸುವ ಕೆಲಸ ಸೇರಿಲ್ಲ ಎಂಬುದನ್ನು ಮರೆಯಬಾರದು.

ನಿಮ್ಮ ಕೈಯ ವೇಗ ಬೇರೆಯಿರಬಹುದು. ಹತ್ತು ಚೂರು ಹೊಲಿದು ಅಳೆದುಕೊಳ್ಳಿ. ಬಂದ ಅಂಕಿ ಒಪ್ಪಿಗೆಯಾದರೆ ಕೌದಿ ಶುರುವಾಗಿಯೇ ಬಿಟ್ಟಿತು, ಆ ಹತ್ತು ಚೂರುಗಳು ಅದರವೇ.

ಹಿಂದಿನವರು ಹೊಲಿದ ಪ್ರಸಿದ್ಧ ಕೌದಿಯನ್ನು ಹಾಗೆಯೇ ಮತ್ತೆ ಹೊಲಿಯುವುದು ಬರೀ ನಕಲಲ್ಲವೇ?

ನಕಲೇ. ಆದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಜೇನ್ ಸ್ಟಿಕಲ್ ಎಂಬಾಕೆ ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ ಮುಗಿಸಿದ ಕೌದಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕೂವರೆ ಇಂಚಿನ 169 ಚೌಕಗಳಿವೆ, ಒಂದರಂತೆ ಇನ್ನೊಂದಿಲ್ಲ. ಸುತ್ತಲೂ ತ್ರಿಕೋನಗಳ ಅಂಚು. ಮೂಲೆಯಲ್ಲಿ ಆಕೆ ಯುದ್ಧಕಾಲ ಎಂಬ ಮಾತು, ವರ್ಷ, ತನ್ನ ಹೆಸರು, ಜೊತೆಗೆ ಚೂರುಗಳ ಸಂಖ್ಯೆ 5,602 ಎಂಬುದನ್ನೂ ದಾಖಲಿಸಿದ್ದಾಳೆ. ಇಷ್ಟು ಚೂರುಗಳನ್ನು ಎಣಿಸಿಟ್ಟ ಹೆಂಗಸಿನ ಬಗ್ಗೆ ನನಗೆ ಹೊಲಿಗೆಗಿಂತ ಹೆಚ್ಚಿನ ಗೌರವ ಹುಟ್ಟಿದ್ದು ಆ ಎಣಿಕೆಯಿಂದ. ಜಗತ್ತಿನ ಅನೇಕ ಕಡೆ ಹೊಲಿಗೆಗಾರರು ಅದನ್ನು ತಮ್ಮ ತಮ್ಮ ಬಣ್ಣಗಳಲ್ಲಿ ಮತ್ತೆ ಹೊಲಿಯುತ್ತಿದ್ದಾರೆ.

ವಾರಕ್ಕೊಂದು ಚೌಕದಂತೆ ಹೋದರೆ 169 ಚೌಕಗಳಿಗೆ ಮೂರು ಕಾಲು ವರ್ಷ ಬೇಕು. ಇಂಥ ಕೌದಿಯ ಲಾಭವೆಂದರೆ, ನೇರ ಹೊಲಿಗೆ, ಬಾಗಿದ ಹೊಲಿಗೆ, ಅಪ್ಲಿಕ್ ಎಲ್ಲವೂ ಒಂದರ ನಂತರ ಒಂದು ಎದುರಾಗಿ, ಕೊನೆಯ ಚೌಕದ ಹೊತ್ತಿಗೆ ನೀವು ಬೇರೆಯೇ ಹೊಲಿಗೆಗಾರರಾಗಿರುತ್ತೀರಿ. ಕಷ್ಟವೆಂದರೆ ಮೊದಲ ಚೌಕಗಳು ಆಗ ಕಣ್ಣಿಗೆ ಚುಚ್ಚತೊಡಗುತ್ತವೆ. ಅವನ್ನು ಬಿಚ್ಚಿ ಮತ್ತೆ ಹೊಲಿಯಲು ಕೂತವರ ಕೌದಿ ಮುಗಿದದ್ದನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ ಮಾತ್ರ ಇರಲಿ. ಒಂಬತ್ತು ಚೌಕ, ಲಾಗ್ ಕ್ಯಾಬಿನ್ ಮುಂತಾದ ಹಳೆಯ ಮಾದರಿಗಳು ಯಾರೊಬ್ಬರ ಸ್ವತ್ತೂ ಅಲ್ಲ. ಇಂದಿನ ವಿನ್ಯಾಸಕಾರರು ಪ್ರಕಟಿಸಿದ ಮಾದರಿಯನ್ನು ಬಳಸಿ ಪ್ರದರ್ಶನಕ್ಕೋ ಮಾರಾಟಕ್ಕೋ ಇಡುವುದಾದರೆ ಅವರ ಷರತ್ತುಗಳನ್ನು ಓದಿ, ಬೇಕಾದಲ್ಲಿ ಅನುಮತಿ ಪಡೆದು, ಹೆಸರನ್ನು ಉಲ್ಲೇಖಿಸಬೇಕು.

ದೊಡ್ಡ ನಕ್ಷತ್ರ ಹೊಲಿಯಲು ನನ್ನ ಅನುಭವ ಸಾಕೇ ಎಂದು ತಿಳಿಯುವುದು ಹೇಗೆ?

ಎಷ್ಟು ವರ್ಷದಿಂದ ಹೊಲಿಯುತ್ತಿದ್ದೀರಿ ಎಂಬುದರಿಂದ ಇದು ತಿಳಿಯುವುದಿಲ್ಲ. ಮೂರು ಪಟ್ಟಿಗಳಿಂದ ತಿಳಿಯುತ್ತದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಕತ್ತರಿಸಿ, ಕಾಲು ಇಂಚಿನ ಅಂಚು ಬಿಟ್ಟು ಪಕ್ಕಪಕ್ಕಕ್ಕೆ ಹೊಲಿದು, ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ ಮೂರೂವರೆ ಇಂಚು ಬರಬೇಕು. ಬರದಿದ್ದರೆ ಯಂತ್ರದ ಪಾದವನ್ನೋ ಸೂಜಿಯ ಸ್ಥಾನವನ್ನೋ ಸರಿಪಡಿಸಿಕೊಂಡು ಮತ್ತೆ ಹೊಲಿದು ನೋಡಬೇಕು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ನಕ್ಷತ್ರದ ಒಂದೊಂದು ಮೊನೆಯೂ ಒಂದು ದೊಡ್ಡ ವಜ್ರಾಕೃತಿ. ಅದು ಏಳು ಸಾಲುಗಳಲ್ಲಿ ಏಳೇಳು ಸಣ್ಣ ವಜ್ರಾಕೃತಿಗಳಿಂದ ಕೂಡಿದ್ದರೆ ನಡುವೆ ಆರು ಹೊಲಿಗೆಗಳು ಬರುತ್ತವೆ. ಅಂಚು ಇಂಚಿನ ಹದಿನಾರನೇ ಒಂದು ಭಾಗದಷ್ಟು ತಪ್ಪಿದರೂ ಹೊಲಿಗೆಯ ಎರಡು ಬದಿಯಿಂದ ಎಂಟನೇ ಒಂದು ಭಾಗ ಹೋಗುತ್ತದೆ, ಆರು ಹೊಲಿಗೆ ದಾಟುವಷ್ಟರಲ್ಲಿ ಮುಕ್ಕಾಲು ಇಂಚು. ಎಲ್ಲ ಮೊನೆಗಳೂ ಒಂದೇ ಸಮನಾಗಿ ತಪ್ಪಿದ್ದರೆ ನಕ್ಷತ್ರ ಚಿಕ್ಕದಾಗುತ್ತದೆ ಅಷ್ಟೆ. ಒಂದೊಂದೂ ಒಂದೊಂದು ಪ್ರಮಾಣದಲ್ಲಿ ತಪ್ಪಿದ್ದರೆ ಎಂಟೂ ಮೊನೆಗಳು ಕೂಡುವ ನಡುಬಿಂದು ನೆಲದ ಮೇಲೆ ಮಲಗುವುದೇ ಇಲ್ಲ. ಜೊತೆಗೆ ವಜ್ರಾಕೃತಿಯ ಎರಡು ಬದಿಗಳು ಬಟ್ಟೆಯ ಓರೆಯಲ್ಲಿರುವುದರಿಂದ ಇಸ್ತ್ರಿಪೆಟ್ಟಿಗೆಯನ್ನು ತುಸು ಎಳೆದರೂ ಜಗ್ಗುತ್ತವೆ.

ನನ್ನ ಮೊದಲ ನಕ್ಷತ್ರದ ನಡುಭಾಗ ಟೋಪಿಯಂತೆ ಎದ್ದು ನಿಂತಿತ್ತು. ಎಷ್ಟು ಇಸ್ತ್ರಿ ಮಾಡಿದರೂ ಉಬ್ಬು ಇಳಿಯದೆ, ಪಕ್ಕಕ್ಕೆ ಸರಿಯುತ್ತಿತ್ತು. ಎರಡನೆಯ ಸಲ ಕತ್ತರಿಸುವ ಮೊದಲೇ ಬಟ್ಟೆಗೆ ದಪ್ಪನೆ ಗಂಜಿ ಹಾಕಿ ಒಣಗಿಸಿ, ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿ, ಪ್ರತಿ ಮೊನೆಯನ್ನೂ ಕಾಗದದ ಮೇಲೆ ಬರೆದ 45 ಡಿಗ್ರಿ ಕೋನಕ್ಕೆ ಹೊಂದಿಸಿ ನೋಡಿದ ಮೇಲೆಯೇ ಮುಂದಿನದಕ್ಕೆ ಹೋದೆ. ಆಗ ಮಲಗಿತು. ಹಾಸಿಗೆಯಗಲದ ನಕ್ಷತ್ರಕ್ಕೆ ಕೈಹಾಕುವ ಮೊದಲು ದಿಂಬಿನ ಅಳತೆಯ ಒಂದು ನಕ್ಷತ್ರ ಹೊಲಿಯಿರಿ ಎಂದು ಹೇಳುವುದು ಇದೇ ಕಾರಣಕ್ಕೆ.

ಇಡೀ ಕೌದಿಗೆ ಕೈಯಿಂದಲೇ ಹೊಲಿಗೆ ಹಾಯಿಸಬೇಕೆಂಬ ಆಸೆ ಇದೆ. ಅದು ಸಾಧ್ಯವೇ?

ಸಾಧ್ಯ, ಗೆರೆಗಳ ನಡುವಿನ ಅಂತರವನ್ನು ಆಯುವಾಗ ವಿವೇಕ ಇರಬೇಕು ಅಷ್ಟೆ. 60ಕ್ಕೆ 80 ಇಂಚಿನ ಕೌದಿಯ ಮೇಲೆ ಒಂದೊಂದು ಇಂಚು ಅಂತರದಲ್ಲಿ ಅಡ್ಡ ಮತ್ತು ಉದ್ದದ ಗೆರೆಗಳನ್ನು ಹೊಲಿದರೆ ಒಟ್ಟು ಹೊಲಿಗೆಯ ಉದ್ದ 9,600 ಇಂಚು, ಅಂದರೆ 800 ಅಡಿ. ಇಂಚಿಗೆ ಎಂಟು ಹೊಲಿಗೆಯಂತೆ 76,800 ಹೊಲಿಗೆಗಳು. ಅಂತರವನ್ನು 2 ಇಂಚಿಗೆ ಹೆಚ್ಚಿಸಿದರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ, ಕೌದಿಯೂ ಮೈಗೆ ಹೆಚ್ಚು ಮೃದುವಾಗಿ ಅಂಟುತ್ತದೆ. ಗೆರೆಗಳನ್ನು ಎಷ್ಟು ದೂರದವರೆಗೆ ಹಾಕಬಹುದು ಎಂಬುದನ್ನು ಬ್ಯಾಟಿಂಗ್ ಪೊಟ್ಟಣದ ಮೇಲೆ ಬರೆದಿರುತ್ತಾರೆ. ಅದನ್ನು ಮೀರಿದರೆ ತೊಳೆದಾಗ ಒಳಗಿನ ಪದರ ಗಂಟುಗಟ್ಟುತ್ತದೆ.

ಹೊಸಬರು ಸಣ್ಣ ಹೊಲಿಗೆಯ ಬೆನ್ನು ಹತ್ತುತ್ತಾರೆ. ಕಣ್ಣಿಗೆ ಚೆಂದ ಕಾಣುವುದು ಸಮನಾದ ಹೊಲಿಗೆ. ಇಂಚಿಗೆ ಐದೇ ಬಂದರೂ ಹೊಲಿಗೆಯೂ ಅದರ ನಡುವಿನ ಖಾಲಿ ಜಾಗವೂ ಒಂದೇ ಅಳತೆಯಲ್ಲಿದ್ದರೆ ಸಾಕು. ಗಿಡ್ಡ ಸೂಜಿ, ನಡುಬೆರಳಿಗೆ ಅಂಗುಸ್ತಾನ, ಅರ್ಧ ಗಜಕ್ಕಿಂತ ಉದ್ದವಿಲ್ಲದ ನೂಲು, ಬಟ್ಟೆಯನ್ನು ಡೋಲಿನಂತೆ ಬಿಗಿಯದೆ ತುಸು ಸಡಿಲ ಬಿಟ್ಟ ಚೌಕಟ್ಟು, ಇಷ್ಟಿದ್ದರೆ ಸೂಜಿಯನ್ನು ಮೇಲಕ್ಕೂ ಕೆಳಕ್ಕೂ ತೂಗುತ್ತ ಮೂರು ನಾಲ್ಕು ಹೊಲಿಗೆಗಳನ್ನು ಒಂದೇ ಸಲ ಪೋಣಿಸುವ ಲಯ ಕೆಲವು ವಾರಗಳಲ್ಲಿ ಕೂಡಿಬರುತ್ತದೆ. ಕೆಳಗಿನ ಕೈಯ ಬೆರಳಿಗೆ ಸೂಜಿಯ ತುದಿ ಪ್ರತಿ ಸಲ ತಾಕಬೇಕು; ತಾಕದಿದ್ದರೆ ಅಡಿಬಟ್ಟೆಗೆ ಹೊಲಿಗೆ ಬಿದ್ದಿರುವುದಿಲ್ಲ. ಆ ಬೆರಳು ಗಟ್ಟಿಯಾಗುವವರೆಗೆ ಉರಿಯುವುದು ನಿಜ.

ಬಹಳ ಇಷ್ಟಪಟ್ಟು ಕೂಡಿಟ್ಟ ಬಟ್ಟೆಯನ್ನು ಕತ್ತರಿಸಲು ಮನಸ್ಸೇ ಬರುವುದಿಲ್ಲ. ಏನು ಮಾಡಲಿ?

ಅದನ್ನು ಕೂಡಿಟ್ಟದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಹಲವು ವರ್ಷಗಳಾಗಿದ್ದರೆ ನಿಮ್ಮ ರುಚಿಯೇ ಬದಲಾಗಿರಬಹುದು. ಬಟ್ಟೆಯ ಮೇಲಿನ ಪ್ರೀತಿ ಉಳಿದು, ಅದರ ಬಣ್ಣದ ಮೇಲಿನ ಪ್ರೀತಿ ಹೋಗಿರುತ್ತದೆ. ಬೀರುವಿನಲ್ಲಿಟ್ಟ ಬಟ್ಟೆ ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಮಡಿಕೆಯಲ್ಲಿ ಬಣ್ಣ ಮಾಸುತ್ತದೆ, ಎಳೆ ದುರ್ಬಲವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಕಟ್ಟಿಗೆಯ ಕಪಾಟಿಗೆ ನೇರವಾಗಿ ತಾಗಿದ ಕಡೆ ಹಳದಿ ಕಲೆ ಬೀಳುತ್ತದೆ.

ಅಂಥ ಬಟ್ಟೆಯಿಂದ ಒಂದು ಅಂಗೈಯಗಲದ ತುಂಡನ್ನು ಮಾತ್ರ ಕತ್ತರಿಸಿ, ಕನಸಿನ ಕೌದಿಯ ಒಂದು ಬ್ಲಾಕ್ ಹೊಲಿದು ಗೋಡೆಗೆ ಚುಚ್ಚಿಡುವುದು ನನಗೆ ತಿಳಿದ ಒಳ್ಳೆಯ ದಾರಿ. ಒಂದು ವಾರ ಅದನ್ನು ದೂರದಿಂದ ನೋಡುತ್ತಿದ್ದರೆ ಉಳಿದದ್ದನ್ನು ಕತ್ತರಿಸಬೇಕೋ ಬೇಡವೋ ತಾನಾಗಿ ತೀರ್ಮಾನವಾಗುತ್ತದೆ. ಕಡು ಕೆಂಪು ಮತ್ತು ಕಡು ನೀಲಿ ಬಟ್ಟೆಗಳನ್ನು ಬಿಳಿಯ ಜೊತೆ ಜೋಡಿಸುವ ಮೊದಲು ಬೇರೆಯಾಗಿ ತೊಳೆದು ಬಣ್ಣ ಬಿಡುತ್ತದೆಯೇ ನೋಡಿಕೊಳ್ಳದೆ ಮುಂದುವರಿಯಬೇಡಿ.

ತೀರಿಹೋದವರ ಬಟ್ಟೆಗಳಿಂದ ನೆನಪಿನ ಕೌದಿ ಹೊಲಿಯಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಬೇಕು?

ಕತ್ತರಿಯನ್ನು ಸದ್ಯಕ್ಕೆ ದೂರ ಇಡಿ. ಮೊದಲು ಪ್ರತಿಯೊಂದು ಬಟ್ಟೆಯನ್ನೂ ಇಡಿಯಾಗಿ ಹರಡಿ ಛಾಯಾಚಿತ್ರ ತೆಗೆದುಕೊಳ್ಳಿ. ಆಮೇಲೆ ಮನೆಯವರಲ್ಲಿ ಯಾರಿಗಾದರೂ ಯಾವುದನ್ನಾದರೂ ಹಾಗೆಯೇ ಉಳಿಸಿಕೊಳ್ಳುವ ಇಚ್ಛೆ ಇದೆಯೇ ಎಂದು ಕೇಳಿ, ಬೇಕೆಂದದ್ದನ್ನು ಬದಿಗಿಡಿ. ಮೊದಲ ತುಂಡನ್ನು ಅಂಗಿಯ ಬೆನ್ನಿನ ಭಾಗದಿಂದ ತೆಗೆಯಿರಿ. ಅಲ್ಲಿ ಬಟ್ಟೆ ಅಗಲವಾಗಿರುತ್ತದೆ, ಸವೆತವೂ ಕಡಿಮೆ, ಮನಸ್ಸಿಗೆ ನೋವೂ ಎದೆಯ ಜೇಬನ್ನು ಕತ್ತರಿಸಿದಷ್ಟು ಆಗುವುದಿಲ್ಲ. ಜೇಬು, ಕಾಲರ್, ಗುಂಡಿಪಟ್ಟಿಗಳನ್ನು ಹಾಗೆಯೇ ಬ್ಲಾಕಿನ ನಡುವೆ ಕೂರಿಸಬಹುದು. ತೊಟ್ಟವರನ್ನು ಬಲ್ಲವರ ಕೈ ಮೊದಲು ಹೋಗುವುದು ಅಲ್ಲಿಗೇ.

ತಾಂತ್ರಿಕವಾಗಿ ಕಷ್ಟ ಕೊಡುವುದು ಬೇರೆ ಬೇರೆ ಜಾತಿಯ ಬಟ್ಟೆಗಳು. ಟೀ ಶರ್ಟಿನಂಥ ಹೆಣಿಗೆ ಬಟ್ಟೆಯೂ ನುಣುಪಾದ ರೇಷ್ಮೆಯೂ ಹತ್ತಿಯ ಪಕ್ಕದಲ್ಲಿ ಜಗ್ಗುತ್ತವೆ ಇಲ್ಲವೇ ಜಾರುತ್ತವೆ. ಅವುಗಳ ಹಿಂಭಾಗಕ್ಕೆ ಇಸ್ತ್ರಿಯಿಂದ ಅಂಟುವ ತೆಳು ಇಂಟರ್‌ಫೇಸಿಂಗ್ ಹಾಕಿದ ನಂತರವೇ ಅಳತೆಗೆ ಕತ್ತರಿಸಬೇಕು. ತೊಳೆಯದೆ ಇಟ್ಟ ಬಟ್ಟೆಯಲ್ಲಿ ಅವರ ವಾಸನೆ ಉಳಿದಿದ್ದರೆ, ತೊಳೆದ ಮೇಲೆ ಅದು ಹೋಗುತ್ತದೆ ಎಂಬುದನ್ನು ಮೊದಲೇ ಯೋಚಿಸಿ ಒಂದನ್ನಾದರೂ ತೊಳೆಯದೆ ಬಿಡುವವರಿದ್ದಾರೆ, ಅದು ತಪ್ಪೆಂದು ನನಗೆ ಅನಿಸಿಲ್ಲ.

ಈ ಕೌದಿಗೆ ಮಾತ್ರ ಗಡುವು ಹಾಕಿಕೊಳ್ಳಬೇಡಿ.

ಹಾಸಿಗೆಗೆ ಸರಿಹೊಂದುವ ದೊಡ್ಡ ಕೌದಿಯ ಅಳತೆ ಹೇಗೆ ತೆಗೆಯುವುದು?

ಹಾಸಿಗೆಯ ಅಗಲಕ್ಕೆ ಎರಡು ಬದಿಯ ಇಳಿಬೀಳು, ಉದ್ದಕ್ಕೆ ಕಾಲಿನ ಬದಿಯ ಇಳಿಬೀಳು ಸೇರಿಸಬೇಕು. ಹಾಸಿಗೆ 60ಕ್ಕೆ 78 ಇಂಚಿದ್ದು, 12 ಇಂಚು ಇಳಿಬೀಳು ಬೇಕೆಂದರೆ ಮುಗಿದ ಕೌದಿ 84ಕ್ಕೆ 90 ಇಂಚು. ಹೊಲಿಗೆ ಹಾಯಿಸಿ, ತೊಳೆದ ಮೇಲೆ ಕೌದಿ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದರಿಂದ ಮೇಲುಬಟ್ಟೆಯನ್ನು 88ಕ್ಕೆ 94 ಇಂಚಿನಷ್ಟು ಹೊಲಿಯುವುದು ಒಳ್ಳೆಯದು. ಅಡಿಬಟ್ಟೆ ಪ್ರತಿ ಬದಿಗೂ 4 ಇಂಚು ಹೆಚ್ಚಿರಲಿ.

ಒಳ್ಳೆಯ ಯಂತ್ರ, ಬೇರೆ ಕೋಣೆ ಸಿಕ್ಕ ಮೇಲೆ ಶುರುಮಾಡಿದರೆ ಆಗದೇ?

ಕೋಣೆಗಾಗಿ ಕಾಯುವುದು ಬೇಡ. ಯಂತ್ರದ ವಿಷಯದಲ್ಲಿ ಸ್ವಲ್ಪ ನ್ಯಾಯವಿದೆ. ಮನೆಬಳಕೆಯ ಯಂತ್ರದಲ್ಲಿ ಸೂಜಿಯ ಬಲಕ್ಕೆ ಇರುವ ಜಾಗ ಚಿಕ್ಕದು, ಹಾಸಿಗೆಯಗಲದ ಕೌದಿಯನ್ನು ಸುರುಳಿ ಸುತ್ತಿ ಅದರೊಳಗೆ ತೂರಿಸುವಾಗ ಭುಜ ನೋಯುತ್ತದೆ. ಆದರೂ ದಾರಿಗಳಿವೆ. ಬ್ಲಾಕುಗಳಿಗೆ ಬಿಡಿಬಿಡಿಯಾಗಿ ಬ್ಯಾಟಿಂಗ್ ಸಮೇತ ಹೊಲಿಗೆ ಹಾಯಿಸಿ, ಆಮೇಲೆ ಪಟ್ಟಿಗಳಿಂದ ಒಂದಕ್ಕೊಂದು ಜೋಡಿಸುವ ವಿಧಾನದಲ್ಲಿ ಹೊಲಿಗೆ ಹಾಯಿಸುವಾಗ ತೊಡೆಯ ಮೇಲೆ ಹಿಡಿಯದಷ್ಟು ಬಟ್ಟೆ ಇರುವುದಿಲ್ಲ. ಮೇಲುಬಟ್ಟೆಯನ್ನು ನೀವು ಹೊಲಿದು, ಹೊಲಿಗೆ ಹಾಯಿಸುವುದನ್ನು ದೊಡ್ಡ ಕೌದಿ ಹಿಡಿಯುವ ಉದ್ದ ತೋಳಿನ ಲಾಂಗ್‌ಆರ್ಮ್ ಯಂತ್ರವಿರುವವರಿಗೆ ಒಪ್ಪಿಸಿದರೂ ಕೌದಿ ನಿಮ್ಮದೇ. ಹಿಂಬದಿಯ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಯುವುದು ಮರ್ಯಾದೆ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಕಥೆ ಹೇಳುವ ಕೌದಿ ಹೊಲಿಯಬಹುದೇ?

ಹ್ಯಾರಿಯೆಟ್ ಪವರ್ಸ್ ಅವರ ಕೌದಿಗಳನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಆಕೆಯ ಎರಡು ಕೌದಿಗಳು ಉಳಿದಿವೆ: ಒಂದು 11 ಚಿತ್ರಫಲಕಗಳ ಬೈಬಲ್ ಕಥೆಗಳದ್ದು, ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ, ಇನ್ನೊಂದು 15 ಫಲಕಗಳದ್ದು, ಬೋಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿದೆ. ಎರಡನೆಯದರಲ್ಲಿ ಬೈಬಲ್ ಕಥೆಗಳ ಜೊತೆ 1833ರ ಉಲ್ಕಾವೃಷ್ಟಿಯೂ ಸೇರಿದೆ. ಮನುಷ್ಯರು, ಪ್ರಾಣಿಗಳು, ಸೂರ್ಯ, ನಕ್ಷತ್ರ ಎಲ್ಲವೂ ಕತ್ತರಿಯಿಂದ ನೇರವಾಗಿ ಕೊರೆದಂತಿರುವ ಸರಳ ಆಕೃತಿಗಳು. ಕಣ್ಣು ಮೂಗು ಇಲ್ಲದಿದ್ದರೂ ಯಾರು ಓಡುತ್ತಿದ್ದಾರೆ, ಯಾರು ಬೇಡುತ್ತಿದ್ದಾರೆ ಎಂಬುದು ಮೈಯ ಬಾಗಿನಿಂದಲೇ ತಿಳಿಯುತ್ತದೆ. ಕಾಗದವನ್ನು ಮಡಿಸಿ ಕತ್ತರಿಯಿಂದ ಒಂದು ಮರ, ಒಂದು ಮನೆ, ಒಬ್ಬ ವ್ಯಕ್ತಿಯನ್ನು ಕತ್ತರಿಸಿ ನೋಡಿ. ಪೆನ್ಸಿಲ್ ಹಿಡಿದಾಗ ಬರುವ ಅಂಜಿಕೆ ಕತ್ತರಿಯ ಮುಂದೆ ಬಹುಮಟ್ಟಿಗೆ ಇರುವುದಿಲ್ಲ.

ಹಲವರು ಸೇರಿ ಒಂದು ಕೌದಿ ಹೊಲಿಯುವ ಯೋಜನೆ ಹೇಗೆ?

ಅಳತೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೊಲಿಯುವವರಿಗೆ ಬಿಟ್ಟರೆ ಇದು ನಡೆಯುತ್ತದೆ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಏಡ್ಸ್ ಸ್ಮಾರಕ ಕೌದಿಯ ನಿಯಮ ಅದೇ: ಪ್ರತಿ ಫಲಕ 3 ಅಡಿಗೆ 6 ಅಡಿ ಇರಬೇಕು, ಅದರ ಮೇಲೆ ತೀರಿಹೋದವರ ನೆನಪಿಗೆ ಏನು ಬೇಕಾದರೂ ಇರಬಹುದು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹರಡಿದಾಗ 1,920 ಫಲಕಗಳಿದ್ದವು. ಇಂದು ಆ ಸಂಖ್ಯೆ 50,000ದ ಆಸುಪಾಸಿನಲ್ಲಿದೆ. ಹತ್ತು ಜನರ ಕೌದಿಗೂ ಇದೇ ನಿಯಮ ಸಾಕು. ಬ್ಲಾಕುಗಳನ್ನು ಅರ್ಧ ಇಂಚು ದೊಡ್ಡದಾಗಿ ಹೊಲಿದು ಕಳಿಸಲು ಹೇಳಿ, ಜೋಡಿಸುವವರು ಒಬ್ಬರೇ ಕೂತು ಅಳತೆಗೆ ಕತ್ತರಿಸಲಿ.

ಪ್ರದರ್ಶನಕ್ಕೆ ಕಳಿಸಬೇಕೆಂಬ ಆಸೆಗೆ ಸಿದ್ಧತೆ ಏನು?

ತೀರ್ಪುಗಾರರು ವಿನ್ಯಾಸವನ್ನು ಮೆಚ್ಚಿದ ಮೇಲೆ ನೇರವಾಗಿ ಅಂಚಿಗೆ ಬರುತ್ತಾರೆ. ಅಂಚನ್ನು ಸುತ್ತಿ ಹೊಲಿದ ಪಟ್ಟಿಯಾದ ಬೈಂಡಿಂಗಿನ ಒಳಗೆ ಬ್ಯಾಟಿಂಗ್ ತುದಿಯವರೆಗೂ ತುಂಬಿದೆಯೇ ಎಂದು ಎರಡು ಬೆರಳಿನಿಂದ ಒತ್ತಿ ನೋಡುತ್ತಾರೆ, ಮೂಲೆಗಳ ಮಡಿಕೆ ಹೊಲಿದಿದೆಯೇ ಎಂದು ಪರೀಕ್ಷಿಸುತ್ತಾರೆ, ತೂಗುಹಾಕಿದಾಗ ಬದಿಗಳು ಅಲೆಯಾಗಿ ನಿಲ್ಲುತ್ತವೆಯೇ ಗಮನಿಸುತ್ತಾರೆ. ಬಿಳಿ ಬಟ್ಟೆಯ ಕೆಳಗೆ ಸಿಕ್ಕಿಕೊಂಡ ಒಂದು ಕಪ್ಪು ನೂಲಿನ ತುಂಡು ಎಂಟು ಅಡಿ ದೂರದಿಂದಲೂ ಕಾಣುತ್ತದೆ. ಹಿಂಬದಿಗೆ, ಕೋಲು ತೂರಿಸಿ ತೂಗುಹಾಕಲು 4 ಇಂಚಿನ ತೋಳು ಹೊಲಿದಿರಬೇಕು. ಬಹುಮಾನಕ್ಕಿಂತ ತೀರ್ಪುಗಾರರ ಬರಹದ ಟಿಪ್ಪಣಿಗಾಗಿ ಕಳಿಸಿದವರು ನಿರಾಶರಾಗುವುದು ಕಡಿಮೆ.

ಹೊಲಿಯುವುದಕ್ಕಲ್ಲ, ನೋಡಲೇಬೇಕು ಎಂಬ ಪಟ್ಟಿ ಮಾಡಿಕೊಂಡಿದ್ದೇನೆ. ಅದರಲ್ಲಿ ಏನೇನಿರಬೇಕು?

ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ 1991ರಲ್ಲಿ ಬಾಗಿಲು ತೆರೆದ ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ, ನೆಬ್ರಾಸ್ಕಾದ ಲಿಂಕನ್ ನಗರದ ಇಂಟರ್‌ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ, ಮೇಲೆ ಹೇಳಿದ ಲಂಡನ್ನಿನ ಸಂಗ್ರಹಾಲಯ, ಇವು ಸಾಮಾನ್ಯವಾಗಿ ಇರುತ್ತವೆ. ಜೇನ್ ಸ್ಟಿಕಲ್ ಕೌದಿಯನ್ನು ವರ್ಮಾಂಟಿನ ಬೆನ್ನಿಂಗ್ಟನ್ ಸಂಗ್ರಹಾಲಯ ಬೆಳಕಿಗೆ ಬಣ್ಣ ಮಾಸದಿರಲೆಂದು ವರ್ಷದಲ್ಲಿ ಕೆಲವು ವಾರ ಮಾತ್ರ ಹೊರಗಿಡುತ್ತದೆ, ದಿನ ವಿಚಾರಿಸದೆ ಹೊರಡಬೇಡಿ. ಅಲಬಾಮಾದ ಗೀಸ್ ಬೆಂಡ್ ಊರಿನ ಕೌದಿಗಳು ಎಲ್ಲಿ ಪ್ರದರ್ಶನಕ್ಕೆ ಬಂದರೂ ನೋಡಿ. ಸವೆದ ಕೆಲಸದ ಬಟ್ಟೆಗಳನ್ನು ಅಳತೆಗೋಲಿನ ಹಂಗಿಲ್ಲದೆ ಜೋಡಿಸಿದ ಆ ಕೌದಿಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಗಳಾದವು. ಕಾಲು ಇಂಚಿನ ಬಗ್ಗೆ ಮೇಲೆ ನಾನು ಬರೆದದ್ದನ್ನೆಲ್ಲ ಅವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಅರ್ಧಕ್ಕೆ ನಿಂತ ಕೌದಿಗಳೇ ಏಳೆಂಟಿವೆ. ಅವನ್ನು ಮುಗಿಸದೆ ಕನಸಿನ ಕೌದಿಗೆ ಕೈಹಾಕುವುದು ತಪ್ಪೇ?

ತಪ್ಪಲ್ಲ. ಎಲ್ಲವನ್ನೂ ಒಮ್ಮೆ ಹೊರತೆಗೆದು ನೆಲದ ಮೇಲೆ ಹರಡಿ. ಒಂದು ವಾರದ ಕೆಲಸ ಬಾಕಿ ಇರುವವು ಒಂದೆರಡು ಇರುತ್ತವೆ, ಅವನ್ನು ಮುಗಿಸಿ. ಕಂಡ ಕೂಡಲೇ ಬೇಸರ ಬರುವವು ಇರುತ್ತವೆ. ಅವನ್ನು ಬೇಕೆಂದವರಿಗೆ ಕೊಟ್ಟುಬಿಡಿ, ಅಥವಾ ಹೊಲಿದಷ್ಟನ್ನೇ ಚಿಕ್ಕ ಮಕ್ಕಳ ಹೊದಿಕೆ ಮಾಡಿ. ಉಳಿದವುಗಳ ಜೊತೆ ಒಂದು ಚೀಟಿ ಇಡಿ: ಯಾವ ಮಾದರಿ, ಅಂಚು ಎಷ್ಟು, ಮುಂದಿನ ಹೆಜ್ಜೆ ಏನು. ಎರಡು ವರ್ಷದ ನಂತರ ಪೆಟ್ಟಿಗೆ ತೆರೆದಾಗ ಅರ್ಧ ದಿನ ಉಳಿಸುವುದು ಆ ಚೀಟಿ. ಪಟ್ಟಿಯಿಂದ ಹೆಸರು ಹೊಡೆದುಹಾಕುವುದೂ ಒಂದು ತೀರ್ಮಾನವೇ. ಉಂಗುರಗಳ ಕೌದಿಯನ್ನು ನಾನು ಹಾಗೆ ಕೈಬಿಟ್ಟೆ, ಎರಡು ಬ್ಲಾಕ್ ಹೊಲಿದ ಮೇಲೆ ಬಾಗಿದ ಹೊಲಿಗೆ ನನಗೆ ಹಿಡಿಸುವುದಿಲ್ಲ ಎಂದು ಗೊತ್ತಾಯಿತು.

ಹಿರಿಯರೊಬ್ಬರು ಅರ್ಧ ಹೊಲಿದು ಬಿಟ್ಟುಹೋದ ಕೌದಿ ನನ್ನ ಬಳಿ ಇದೆ. ಅದನ್ನು ಮುಗಿಸಬೇಕೇ?

ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳು ಪುಡಿಯಾಗುವಷ್ಟು ಹಳೆಯದಾಗಿದ್ದರೆ ಹೊಲಿಗೆ ಹಾಯಿಸಿದಷ್ಟೂ ಹರಿಯುತ್ತದೆ. ಅಂಥದ್ದನ್ನು ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಮಡಿಕೆ ಬದಲಿಸಿ ಇಟ್ಟುಕೊಳ್ಳುವುದೇ ಸರಿ. ಬಟ್ಟೆ ಗಟ್ಟಿಯಿದ್ದರೆ ಮುಗಿಸಬಹುದು, ಆದರೆ ಅವರ ಹೊಲಿಗೆಯನ್ನು ತಿದ್ದಬೇಡಿ. ಒಂದು ಮೂಲೆ ಕೂಡದಿದ್ದರೆ ಕೂಡದಂತೆಯೇ ಇರಲಿ. ಹೊಸ ಚೂರುಗಳನ್ನು ಸೇರಿಸುವುದಾದರೆ ಹಳೆಯದರಂತೆ ಕಾಣುವ ಬಟ್ಟೆಗಾಗಿ ಅಲೆಯುವ ಬದಲು, ಬೇರೆ ಎಂದು ಸ್ಪಷ್ಟವಾಗಿ ಕಾಣುವ ಬಟ್ಟೆಯನ್ನೇ ಆರಿಸುವುದು ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಹಿಂಬದಿಯ ಮೂಲೆಗೆ ಒಂದು ಬಿಳಿ ಬಟ್ಟೆಯ ಪಟ್ಟಿ ಹೊಲಿದು, ಮಾಸದ ಶಾಯಿಯಲ್ಲಿ ಅವರ ಹೆಸರು, ಅದರ ಕೆಳಗೆ ನಿಮ್ಮದು, ಅವರು ಎಲ್ಲಿಯವರೆಗೆ ಹೊಲಿದಿದ್ದರು, ನೀವು ಎಲ್ಲಿಂದ ಮುಂದುವರಿಸಿದಿರಿ, ಎರಡೂ ವರ್ಷಗಳನ್ನು ಅಂಕಿಗಳಲ್ಲಿ ಬರೆಯಿರಿ.